ನಂಬಿದವರಿಗೆ ಗಾಳಿ

ತಲೆಗೆ ಎಣ್ಣೆ ಹಚ್ಚಬೇಡಿ ಅನ್ನುವ ದವಾಖಾನೆಯೂ ಒಂದು ದವಾಖಾನೆಯೇ ಎಂದು ದಾಕ್ಷಾಯಣಿಯ ಅವ್ವ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಅವ್ವನ ವೈದ್ಯಶಾಸ್ತ್ರ ಬಹಳ ಸರಳವಾದದ್ದು. ನೆಗಡಿ, ನಿದ್ದೆಗೇಡು, ಪರೀಕ್ಷೆಯ ಭಯ, ಮುರಿದುಬಿದ್ದ ಮದುವೆಯ ಮಾತುಕತೆ, ಎಲ್ಲದಕ್ಕೂ ಒಂದೇ ಮದ್ದು: ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ನೆತ್ತಿಯ ಮೇಲೆ ತಪತಪನೆ ತಟ್ಟುವುದು. ಅಂಥವಳ ಹಿರಿಯ ಮಗಳಿಗೇ ತಲೆಗೆ ಪೆಟ್ಟು ಬಿದ್ದು, ಕಿರಿಯ ಮಗಳು ನೀಲಾಳೇ ಎದುರಿಗೆ ನಿಂತು ಎಣ್ಣೆ ಮುಟ್ಟಿಸಬೇಡ ಎಂದು ಅಪ್ಪಣೆ ಹೊರಡಿಸಿದರೆ ಆಕೆಗೆ ಹೇಗಾಗಬೇಡ? ಎಣ್ಣೆಯ ಬಾಟಲಿಯನ್ನು ನೀಲಾ ಅಟ್ಟದ ಮೇಲೆ ಇಟ್ಟಿದ್ದಳು. ಅವ್ವ ಅದನ್ನು ಆಗಾಗ ಕತ್ತೆತ್ತಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ದಾಕ್ಷಾಯಣಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹಿಂದಿನ ವರ್ಷದ ಶ್ರಾವಣದಲ್ಲಿ ಹುಡುಗಿಯರ ಖೋಖೋ ಪಂದ್ಯಕ್ಕೆ ಅಂಪೈರಾಗಿ, ಆಟಗಾರ್ತಿಯರ ಮೇಲೆ ಕಣ್ಣಿಟ್ಟು ಹಿಂದುಹಿಂದಕ್ಕೆ ಓಡುತ್ತಿದ್ದವಳು ಕಾಲು ತಪ್ಪಿ ಬಿದ್ದಳು; ತಲೆಯ ಹಿಂಭಾಗ ಧ್ವಜಕಟ್ಟೆಯ ಅಂಚಿಗೆ ಬಡಿಯಿತು. ರಕ್ತ ಬರಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು ಸೀಟಿ ಊದಿ ಪಂದ್ಯ ಮುಗಿಸಿಯೇ ಮನೆಗೆ ಬಂದಳು. ಮೈದಾನದಲ್ಲಿ ಮುಖ ಕಿವುಚುವವರನ್ನು ಕಂಡರಾಗದ ಹೆಂಗಸು ಆಕೆ.

ಮೂರನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ತನ್ನದೇ ಸೀಟಿಯ ಸದ್ದಿಗೆ ವಾಂತಿ ಬಂತು. ಅಲ್ಲಿಂದ ಶುರುವಾದದ್ದು ಒಂದು ವರ್ಷವಾದರೂ ಬಿಡಲಿಲ್ಲ. ಬಿಸಿಲಿಗೆ ಕಣ್ಣು ಬಿಟ್ಟರೆ ಹುಬ್ಬಿನ ನಡುವೆ ನೋವು. ಎರಡು ಸಾಲು ಓದಿದರೆ ಮೂರನೆಯ ಸಾಲು ತೇಲಿಹೋಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆತಳು, ಹೆಡ್‌ಮಾಸ್ತರರ ಹೆಸರು ಮರೆತಳು, ಒಮ್ಮೆ ಶಾಲೆಯಿಂದ ಮನೆಗೆ ಬರುವ ದಾರಿಯನ್ನೇ ಮರೆತು ಚೌಕದಲ್ಲಿ ನಿಂತುಬಿಟ್ಟಳು. ತೆಗೆಸಿದ ಸ್ಕ್ಯಾನ್ ಚಿತ್ರಗಳಲ್ಲೆಲ್ಲ ಮಿದುಳು ಸ್ವಚ್ಛವಾಗಿತ್ತು. ಚಿತ್ರ ಸ್ವಚ್ಛವಿದ್ದರೆ ನೋವು ಸುಳ್ಳು ಎಂಬುದು ಜನರ ಲೆಕ್ಕ. ಸ್ಟಾಫ್ ರೂಮಿನಲ್ಲಿ ಇವಳ ತಲೆನೋವಿಗೆ ‘ರಜಾನೋವು’ ಎಂದು ಹೆಸರು ಬಿತ್ತು. ಬೇಸಿಗೆ ರಜೆಯ ಒಳಗೆ ಮೈದಾನಕ್ಕೆ ಮರಳದಿದ್ದರೆ ಅವಳನ್ನು ಅಸಮರ್ಥಳೆಂದು ಬರೆದು ಯಾವುದೋ ಕಚೇರಿಯ ಮೂಲೆಯಲ್ಲಿ ಕೂರಿಸುವುದು ಖಚಿತವಾಗಿತ್ತು. ದಾಕ್ಷಾಯಣಿಗೆ ಅದು ಬದುಕಿದ್ದಂತೆಯೇ ಅಲ್ಲ. ಇಪ್ಪತ್ತು ವರ್ಷ ಬಿಸಿಲು ಕುಡಿದು ಬೆಳೆದ ಗಿಡವನ್ನು ಕಪಾಟಿನೊಳಗೆ ಇಟ್ಟ ಹಾಗೆ.

ಆಗ ದಾರಿ ತೋರಿಸಿದವಳು ತಂಗಿ ನೀಲಾಂಬಿಕಾ. ಊರ ಹೊರಗಿನ ಒತ್ತಡ ಚಿಕಿತ್ಸಾ ಕೇಂದ್ರದಲ್ಲಿ ಅವಳಿಗೆ ಯಂತ್ರ ನಡೆಸುವ ಕೆಲಸ. ಜನರ ಬಾಯಲ್ಲಿ ಅದು ಗಾಳಿ ದವಾಖಾನೆ. ಅಲ್ಲಿ ಆರು ಕೊಳವೆಗಳಿದ್ದವು, ಒಬ್ಬರು ಉದ್ದಕ್ಕೆ ಮಲಗುವಷ್ಟು ದೊಡ್ಡವು, ಮೇಲ್ಭಾಗ ಪಾರದರ್ಶಕ. ರೋಗಿಯನ್ನು ಒಳಗೆ ಮಲಗಿಸಿ ಬಾಗಿಲು ಬಿಗಿದು ಒಳಗಿನ ಒತ್ತಡವನ್ನು ಹೊರಗಿನ ಎರಡರಷ್ಟಕ್ಕೆ ಏರಿಸಿ ಶುದ್ಧ ಆಮ್ಲಜನಕ ತುಂಬುತ್ತಾರೆ. ಸೋಡಾ ಬಾಟಲಿಯಲ್ಲಿ ಗ್ಯಾಸು ಕರಗಿದಂತೆ ಆಮ್ಲಜನಕ ನೆತ್ತರಿನಲ್ಲಿ ನೇರವಾಗಿ ಕರಗಿ, ಪೆಟ್ಟು ತಿಂದು ಸಾಯದೆ, ಏಳಲೂ ಆಗದೆ ಮಂಕಾಗಿ ಕುಳಿತ ಮಿದುಳಿನ ಕಣಗಳನ್ನು ಮುಟ್ಟುತ್ತದೆ ಎಂಬುದು ಅಲ್ಲಿನ ಶಾಸ್ತ್ರ. ಎಣ್ಣೆಯನ್ನು ಬೇಡವೆನ್ನುವುದು ಇದಕ್ಕೇ. ಶುದ್ಧ ಆಮ್ಲಜನಕ ತುಂಬಿದ ಕಡೆ ಎಣ್ಣೆಯ ಪಸೆ ಇದ್ದು ಒಂದು ಕಿಡಿ ಹಾರಿತೋ, ಒಳಗಿದ್ದವರನ್ನು ಹೊರಗೆ ತೆಗೆಯುವಷ್ಟು ಪುರಸೊತ್ತು ಯಾರಿಗೂ ಸಿಗುವುದಿಲ್ಲ. ಹತ್ತಿಯ ಬಟ್ಟೆ ಮಾತ್ರ. ಮೊಬೈಲು, ಬಳೆ, ಲೋಷನ್ನು, ಎಣ್ಣೆ ಇದ್ದವರಿಗೆ ಬಾಗಿಲಲ್ಲೇ ಮುಟ್ಟುಗೋಲು. ನೀಲಾ ಈ ವಿಷಯದಲ್ಲಿ ಯಮನ ತಂಗಿ. ಜಿಲ್ಲಾಧಿಕಾರಿಯ ಮಾವನನ್ನೇ ನೆತ್ತಿ ಮೂಸಿ ವಾಪಸ್ಸು ಕಳಿಸಿದ್ದಳಂತೆ.

ಚಿಕಿತ್ಸೆಗೆ ಮುಂಚೆ ತಲೆಗೆ ಒಂದು ಟೋಪಿ ಹಾಕುತ್ತಿದ್ದರು. ಒಳಗೆಲ್ಲ ಸಣ್ಣ ಸಣ್ಣ ಗುಂಡಿಗಳು, ಹೊರಗೆಲ್ಲ ತಂತಿಗಳು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಉದ್ಯಾವರರು ಅದನ್ನು ಕಟ್ಟಿದವರು. ಮಣಿಕಟ್ಟಿಗೆ ಒಂದು ಬಿಲ್ಲೆ ಅಂಟಿಸಿ ಅದನ್ನು ಚುರುಕ್ಕೆನ್ನುವಷ್ಟು ಕಾಯಿಸುತ್ತಾ, ಕಿವಿಯಲ್ಲಿ ಒಂದು ದನಿ ಚಿಕಿತ್ಸೆಯ ಬಗ್ಗೆ ವಿವರಿಸುತ್ತದೆ: ಹೀಗೆ ಮಲಗುತ್ತೀರಿ, ಹೀಗೆ ಗುಣವಾಗುತ್ತದೆ. ಮಿದುಳು ಹೇಗಿದೆ ನೋಡಲಿಕ್ಕೆ ಅಷ್ಟೇ ಎಂದರು. ಮೊದಲು ಕೇಳಿಸಿದ್ದು ಡಾಕ್ಟರರ ದನಿ, ಮಂಗಳೂರು ಕಡೆಯ ಅಚ್ಚುಕಟ್ಟಾದ ಕನ್ನಡ. ಆಮೇಲೆ ಅವರು ಪರದೆ ನೋಡಿ, ತಂಗಿಯನ್ನು ಕರೆದು, ಏನೋ ಮಾತಾಡಿದರು. ನೀಲಾ ಒಮ್ಮೆ ಪರದೆ, ಒಮ್ಮೆ ಅಕ್ಕನ ಮುಖ ನೋಡಿ, ಬಂದು ಪಕ್ಕದಲ್ಲಿ ಕುಳಿತು, ಅಕ್ಕನ ಕೈ ಹಿಡಿದು ಅದೇ ಮಾತುಗಳನ್ನು ತಾನೇ ಹೇಳಿದಳು. ನಾನು ಹೊರಗ ಕುಂತಿರ್ತೀನಿ, ನೀ ಹೆದರಬ್ಯಾಡ ಎಂದಳು. ದಾಕ್ಷಾಯಣಿಗೆ ಮಣಿಕಟ್ಟಿನ ಚುರುಕು ಆ ಕ್ಷಣದಲ್ಲಿ ಗೊತ್ತೇ ಆಗಲಿಲ್ಲ. ಮಾರನೆಯ ದಿನದಿಂದಲೇ ಕೊಳವೆ ಸಿಕ್ಕಿತು.

ಬಾಗಿಲು ಬಿಗಿದಾಗ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತಿತ್ತು, ಘಾಟಿ ಇಳಿಯುವ ಬಸ್ಸಿನಲ್ಲಿ ಆದಂತೆ. ಉಗುಳು ನುಂಗಿದರೆ ಬಿಡುತ್ತಿತ್ತು. ಅಲ್ಲಿಂದ ಮುಂದೆ ಸಣ್ಣದಾಗಿ ಸುಯ್ಯೆನ್ನುವ ಗಾಳಿ ಮತ್ತು ಆಚೆಯ ಕಡೆ ತಂಗಿಯ ಮುಖ. ಎರಡನೆಯ ವಾರಕ್ಕೆ ನಿದ್ದೆ ಬಂತು. ಗಣೇಶನ ಹಬ್ಬ ಮುಗಿದು ದಸರೆ ಬರುವಷ್ಟರಲ್ಲಿ ಪೇಪರಿನ ಒಂದು ಪುಟ ಓದಿದಳು. ಒಂದು ಸಂಜೆ ಅಂಗಳದಲ್ಲಿ ಕಪ್ಪು ಕನ್ನಡಕವಿಲ್ಲದೆ ನಿಂತು ಆಕಾಶ ನೋಡಿದಾಗ ಅವ್ವ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ದಾಕ್ಷಾಯಣಿ ಹೋದಲ್ಲಿ ಬಂದಲ್ಲಿ ತಂಗಿಯ ಗುಣಗಾನ. ದೇವರು ಕಣ್ಣಿಗೆ ಕಾಣೂದಿಲ್ಲ, ನಮ್ಮ ನೀಲಾ ಕಾಣತಾಳ ಎಂದು ಹೆಡ್‌ಮಾಸ್ತರರಿಗೂ ಹೇಳಿದಳು.

ಪಕ್ಕದ ಕೊಳವೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಮಲ್ಲೇಶಪ್ಪ ಎಂಬುವನಿದ್ದ. ಚೀಲದ ರಾಶಿ ಕುಸಿದು ತಲೆಗೆ ಪೆಟ್ಟಾಗಿತ್ತು. ಹೆತ್ತ ತಾಯಿ ಕೊಟ್ಟ ಹಾಲನ್ನೂ ಮೂಸಿ ನೋಡಿ ಕುಡಿಯುವ ಜಾತಿಯ ಮನುಷ್ಯ. ಇದೆಲ್ಲಾ ದೊಡ್ಡವರ ಆಟ, ಮಗ ಅಂದ ಅಂತ ಬಂದೀನಿ ಎಂದು ಬಂದ ದಿನದಿಂದ ಗೊಣಗುತ್ತಿದ್ದ. ಅವನ ಸರದಿ ಬರಲಿಕ್ಕೆ ಏಳು ತಿಂಗಳು ಹಿಡಿದಿತ್ತಂತೆ. ತನಗೆ ಒಂದೇ ದಿನಕ್ಕೆ ಸಿಕ್ಕಿದ್ದು ತಂಗಿಯ ವಶೀಲಿ ಎಂದುಕೊಂಡು ದಾಕ್ಷಾಯಣಿಗೆ ಅವನೆದುರು ಸಂಕೋಚವಾಗುತ್ತಿತ್ತು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಮರುದಿನದ ಬೆಳಗು ಅವ್ವನ ಸಾಮ್ರಾಜ್ಯ. ಆ ದಿನ ಎಣ್ಣೆ ಮುಟ್ಟದ ತಲೆ ಆ ಮನೆಯಲ್ಲಿ ಇರಕೂಡದು. ನೀಲಾ ಬೇಗ ಎದ್ದು ಮೈಗೆ ಮಾತ್ರ ಹಚ್ಚಿಸಿಕೊಂಡು ಎರಕೊಂಡು ಕೆಲಸಕ್ಕೆ ಹೊರಟುಹೋದಳು. ಹಬ್ಬವಾದರೂ ಕೊಳವೆಗಳಿಗೆ ರಜೆಯಿಲ್ಲ. ಆಮೇಲೆ ದಾಕ್ಷಾಯಣಿ ಮಣೆಯ ಮೇಲೆ ಕುಳಿತಳು. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಅವ್ವನ ಕೈ ಯಾವಾಗ ನೆತ್ತಿಗೆ ಏರಿತೋ ತಿಳಿಯಲಿಲ್ಲ. ತಿಂಗಳುಗಟ್ಟಲೆ ಕಾದಿದ್ದ ಕೈ ಅದು. ತಪತಪ ಎಂದು ತಟ್ಟತೊಡಗಿದಾಗ ಕಣ್ಣು ತಾನಾಗಿ ಮುಚ್ಚಿತು. ಬೇಡ ಎನ್ನಬೇಕೆಂಬುದು ನೆನಪಾಗಲಿಲ್ಲ. ಪೆಟ್ಟು ಬಿದ್ದ ತಲೆಯ ಮರೆವು ಸ್ವಲ್ಪ, ಅವ್ವನ ಕೈಯ ಸುಖ ಸ್ವಲ್ಪ. ಆಮೇಲೆ ಸೀಗೆಪುಡಿ ಹಾಕಿ ಎರೆದರೂ ದಟ್ಟ ಕೂದಲಿನ ಬುಡದ ಎಣ್ಣೆ ಪೂರ್ತಿ ಹೋಗುವಂಥದ್ದಲ್ಲ. ತಲೆ ಒರೆಸಿಕೊಂಡು, ಜಡೆ ಬಿಗಿದು, ಹೊಸ ಕಾಟನ್ ಚೂಡಿದಾರ ತೊಟ್ಟು ಗಾಳಿ ದವಾಖಾನೆಗೆ ಬಂದಳು.

ಅಲ್ಲಿ ಆಗಲೇ ರಂಪ ನಡೆದಿತ್ತು. ಮಲ್ಲೇಶಪ್ಪನ ತಲೆಯಲ್ಲಿ ಎಣ್ಣೆ ಸಿಕ್ಕಿತ್ತು. ಹಬ್ಬದ ದಿನ ಎಣ್ಣೆಯಿಲ್ಲದ ತಲೆ ಎಲ್ಲಿ ಸಿಗುತ್ತದೆ, ಎಮ್ಮೆಗೂ ಹಚ್ಚುತ್ತಾರೆ ಎಂದು ಅವನ ವಾದ. ನೀಲಾ ಜಗ್ಗಲಿಲ್ಲ. ನೀವು ಸುಟ್ಟು ಹೋದರೆ ನಾನು ಯಾರಿಗೆ ಉತ್ತರ ಕೊಡಲಿ ಎಂದು ಅವನನ್ನು ಬಾಗಿಲ ತನಕ ದಬ್ಬಿಕೊಂಡು ಹೋಗಿ ಬಂದಳು. ಹೊತ್ತು ಮೀರಿತ್ತು. ಅಕ್ಕನ ಬಳೆ, ಓಲೆ ತೆಗೆಸಿ, ಮಲಗಿಸಿ, ಬಾಗಿಲು ಬಿಗಿದಳು.

ಒತ್ತಡ ಏರಿ ಕಿವಿ ಮುಚ್ಚಿ ಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ತಲೆಯಲ್ಲಿ ತುರಿಕೆ ಎನಿಸಿ ದಾಕ್ಷಾಯಣಿ ಕೈ ಹಾಕಿದಳು. ಬೆರಳು ಜಾರಿತು. ಕಣ್ಣ ಮುಂದೆ ಹಿಡಿದು ನೋಡಿದರೆ ತುದಿಗಳು ಮಿರುಗುತ್ತಿದ್ದವು. ಬೆಳಗಿನ ತಪತಪ ಒಮ್ಮೆಲೇ ನೆನಪಾಯಿತು. ಅಲುಗಾಡದೆ, ಉಸಿರೂ ಮೆಲ್ಲಗೆ ಬಿಡುತ್ತಾ, ಹೊರಗಿನವರ ಜೊತೆ ಮಾತಾಡುವ ಕರೆಗುಂಡಿ ಒತ್ತಿದಳು.

“ನೀಲಾ, ನನ್ನ ತಲ್ಯಾಗ ಎಣ್ಣಿ ಐತಿ. ಅವ್ವ ಹಚ್ಚಿಬಿಟ್ಟಾಳ. ಬಾಗಲಾ ತಗಿ.”

ಆಚೆಯಿಂದ ನೀಲಾ ಅವಳನ್ನು ನೋಡಿದಳು. ಓಡಿ ಬರಲಿಲ್ಲ. ಕೈ ಯಾವ ಗುಂಡಿಯ ಕಡೆಗೂ ಹೋಗಲಿಲ್ಲ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿದಾಗ ಅಕ್ಕ ತನಗೆ ಹೇಳುತ್ತಿದ್ದ ರಾಗದಲ್ಲೇ ಹೇಳಿದಳು.

“ಏನೂ ಆಗಂಗಿಲ್ಲ ಅಕ್ಕಾ. ಸುಮ್ಮನ ಮಲ್ಕೋ.”

ಸಮಾಧಾನವಾಯಿತು. ಒಂದು ಗಳಿಗೆ ಮಾತ್ರ. ಆಮೇಲೆ ಪಕ್ಕದ ಖಾಲಿ ಕೊಳವೆ ಕಣ್ಣಿಗೆ ಬಿತ್ತು. ಮಲ್ಲೇಶಪ್ಪನ ತಲೆಯ ಎಣ್ಣೆಗೆ ಬೆಂಕಿ ಹತ್ತುವುದಾದರೆ ನನ್ನ ತಲೆಯ ಎಣ್ಣೆಗೆ ಯಾಕೆ ಹತ್ತುವುದಿಲ್ಲ? ಎರಡೇ ಉತ್ತರ. ಒಂದೋ ತಂಗಿಗೆ ತಾನು ಸತ್ತರೂ ಚಿಂತೆಯಿಲ್ಲ, ಇಲ್ಲವೇ ಈ ಕೊಳವೆಯೊಳಗೆ ಉರಿಯುವಂಥದ್ದು ಏನೂ ಇಲ್ಲ. ಮೊದಲನೆಯದು ಸಾಧ್ಯವೇ ಇರಲಿಲ್ಲ. ನೀಲಾ ತನ್ನನ್ನು ಸಾಯಲು ಬಿಡುವವಳಲ್ಲ ಎಂಬುದರಲ್ಲಿ ದಾಕ್ಷಾಯಣಿಗೆ ಕೂದಲೆಳೆಯಷ್ಟೂ ಸಂಶಯವಿರಲಿಲ್ಲ. ತಂಗಿಯ ಮೇಲಿನ ಆ ನಂಬಿಕೆಯೇ ತಂಗಿಯ ಸುಳ್ಳನ್ನು ಹಿಡಿದುಕೊಟ್ಟಿತು. ಉಳಿದ ಹೊತ್ತೆಲ್ಲ ಅವಳು ಸೂರು ನೋಡುತ್ತಾ ಮಲಗಿದ್ದಳು. ಮೂಗಿನೊಳಗೆ ಬಂದು ಹೋಗುತ್ತಿದ್ದದ್ದು ಹುಬ್ಬಳ್ಳಿಯ ಬೀದಿಯಲ್ಲಿ ಪುಕ್ಕಟೆ ಸಿಗುವ ಗಾಳಿ.

ಬಾಗಿಲು ತೆಗೆದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನದಿಂದ ಎಂದು. ನೀಲಾ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಮೊದಲ ದಿನದಿಂದ ಎಂದಳು.

ಡಾಕ್ಟರ್ ಉದ್ಯಾವರರು ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ನಿಯಂತ್ರಣ ಕೊಠಡಿಯಲ್ಲಿ ಕುರ್ಚಿ ಕೊಟ್ಟು, ಚಹಾ ತರಿಸಿ, ಮಕ್ಕಳಿಗೆ ಹೇಳುವಷ್ಟು ತಾಳ್ಮೆಯಿಂದ ಎಲ್ಲವನ್ನೂ ಬಿಡಿಸಿ ಹೇಳಿದರು. ಈ ಚಿಕಿತ್ಸೆಯನ್ನು ಮೊದಲು ಪರೀಕ್ಷೆ ಮಾಡಿದ ಕಾಲದಿಂದಲೂ ಒಂದು ತೊಡಕು ಇತ್ತು. ಹೋಲಿಕೆಗೆಂದು ಕೆಲವರನ್ನು ಬರೀ ಗಾಳಿಯಲ್ಲಿ, ಕಿವಿ ಮುಚ್ಚುವಷ್ಟು ಮಾತ್ರ ಒತ್ತಡದಲ್ಲಿ ಮಲಗಿಸಿದರೆ ಅವರಲ್ಲೂ ಬಹಳ ಜನ ಸುಧಾರಿಸುತ್ತಿದ್ದರು. ಹಾಗಿದ್ದರೆ ಯಾರಿಗೆ ಗಾಳಿ ಸಾಕು, ಯಾರಿಗೆ ಆಮ್ಲಜನಕವೇ ಬೇಕು ಎಂದು ಮೊದಲೇ ತಿಳಿಯಬಹುದೆ? ತಿಳಿಯಬಹುದು ಎಂದು ಅವರ ಟೋಪಿ ತೋರಿಸಿಕೊಟ್ಟಿತ್ತು. ಗುಣವಾಗುತ್ತೀರಿ ಎಂಬ ಮಾತು ಕಿವಿಗೆ ಬಿದ್ದಾಗ ಕೆಲವರ ಮಿದುಳು ನೋವನ್ನು ತಾನೇ ತಣಿಸತೊಡಗುತ್ತದೆ. ಪರದೆಯಲ್ಲಿ ಅದನ್ನು ತೋರಿಸುವ ಗೆರೆಯೊಂದು ಏರಿಳಿಯುತ್ತದೆ, ಮಿತಿ ಹೇಳಲು ಅಡ್ಡಲಾಗಿ ಒಂದು ಕೆಂಪು ಗೆರೆ. ಅದರ ಮೇಲಕ್ಕೆ ಹೋದವರು ನಂಬುವವರು. ಅವರಿಗೆ ಗಾಳಿಯ ಕೊಳವೆ. ಕೆಳಗಿದ್ದವರಿಗೆ ಆಮ್ಲಜನಕ. ಆರರಲ್ಲಿ ಆಮ್ಲಜನಕದ ಕೊಳವೆ ಎರಡೇ. ಜಿಲ್ಲೆಗೆ ಜಿಲ್ಲೆಯೇ ಕಾಯುತ್ತಿರುವಾಗ ಬೇಡದವರಿಗೆ ಕೊಟ್ಟು ಬೇಕಾದವರಿಗೆ ಇಲ್ಲವೆನ್ನುವುದು ಅನ್ಯಾಯವಲ್ಲವೆ ಎಂದು ಕೇಳಿದರು.

ಹಾಗಾದರೆ ಸಂಶಯ ಪಡುವವನಿಗೆ ಔಷಧಿ, ನಂಬಿದವಳ ಕಿವಿಗೆ ಹೂವು ಎಂದಳು ದಾಕ್ಷಾಯಣಿ. ಡಾಕ್ಟರರಿಗೆ ಆ ಮಾತು ಹಿಡಿಸಲಿಲ್ಲ. ನಿಮಗೆ ಗುಣವಾಗಿದೆ ತಾನೆ, ಅದಂತೂ ಸುಳ್ಳಲ್ಲವಲ್ಲ ಎಂದರು. ಬಿಸಿತುಪ್ಪದಂಥ ಪ್ರಶ್ನೆ, ನುಂಗಲೂ ಆಗದು, ಉಗುಳಲೂ ಆಗದು.

ಇನ್ನೊಂದು ಸಂಗತಿ ಅವರು ಹೇಳದಿದ್ದರೂ ನಡೆಯುತ್ತಿತ್ತು. ಆದರೆ ವಿಜ್ಞಾನದ ಮನುಷ್ಯ, ಮುಚ್ಚಿಟ್ಟುಕೊಳ್ಳಲು ಬರಲಿಲ್ಲ. ಮೊದಲ ದಿನ ಅವರ ದನಿಗೆ ದಾಕ್ಷಾಯಣಿಯ ಗೆರೆ ಏರಿರಲಿಲ್ಲ. ಕೆಂಪು ಗೆರೆಯ ಕೆಳಗೇ ಇತ್ತು. ನಿಯಮದ ಪ್ರಕಾರ ಅವಳು ಆಮ್ಲಜನಕದವಳು. ಏಳೆಂಟು ತಿಂಗಳು ಕಾಯಬೇಕಿತ್ತು. ಹತ್ತಿರದವರ ದನಿಯಲ್ಲಿ ಹೇಳಿಸಿದರೆ ಏನಾಗುತ್ತದೆ ನೋಡೋಣ ಎಂದುಕೊಂಡು ಅವರೇ ನೀಲಾಳನ್ನು ಕೇಳಿದ್ದರು. ನೀಲಾ ಮಾತಾಡಿದ್ದೇ ತಡ, ಗೆರೆ ಪರದೆಯ ನೆತ್ತಿ ಮುಟ್ಟಿತ್ತು. ಅಂಥ ಏರಿಕೆಯನ್ನು ತಾನು ಅದಕ್ಕೆ ಮುಂಚೆ ಕಂಡಿರಲೇ ಇಲ್ಲ ಎಂದು ಡಾಕ್ಟರರು ಈಗಲೂ ಬೆರಗಿನಿಂದ ಹೇಳಿದರು.

ದಾಕ್ಷಾಯಣಿ ತಂಗಿಯ ಕಡೆ ತಿರುಗಿದಳು. ನೀಲಾ ಗೋಡೆಗೆ ಒರಗಿ ನಿಂತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ತನ್ನೊಳಗೆ ಈ ಹುಡುಗಿಯ ಮೇಲೆ ಇದ್ದ ಪ್ರೀತಿಯನ್ನು ಅಳೆದು, ಅಷ್ಟಿದೆ ಎಂಬುದಕ್ಕೇ ಔಷಧಿಯನ್ನು ಕಿತ್ತುಕೊಂಡಿದ್ದರು. ಅಳೆದುಕೊಟ್ಟವಳು ಅವಳೇ.

“ನಿನಗ ಗೊತ್ತಿತ್ತು” ಎಂದಳು.

“ಗೊತ್ತಿತ್ತು. ನೀ ದಿನಾ ಗ್ವಾಡಿಗೆ ತಲಿ ಹಚ್ಚಿ ಅಳತಿದ್ದಿ ಅಕ್ಕಾ. ಎಂಟು ತಿಂಗಳ ಅದನ್ನ ನೋಡಾಕ ನನ್ನಿಂದ ಆಗತಿರಲಿಲ್ಲ.”

ಹಬ್ಬದ ಮನೆಗೆ ಇಬ್ಬರೂ ಬೇರೆ ಬೇರೆ ಆಟೋದಲ್ಲಿ ಬಂದರು. ವಿಷಯ ತಿಳಿದ ಅವ್ವ ಮೊದಲು ಕೇಳಿದ್ದು, ಹಾಗಾದರೆ ಇಷ್ಟು ದಿನ ಎಣ್ಣೆ ಹಚ್ಚಬಹುದಿತ್ತೇ ಎಂದು. ಆಮೇಲೆ ಮಾತು ಪೂರ್ತಿ ಅರ್ಥವಾಗಿ, ಕಿರಿಯ ಮಗಳು ಬಡಿಸಿಕೊಳ್ಳಲು ತಟ್ಟೆ ತಂದಾಗ ಹೋಳಿಗೆಯ ಡಬ್ಬಿಯನ್ನು ಅವಳ ಮುಂದೆ ಸರಿಸಿ ತಾನು ಎದ್ದು ಒಳಗೆ ಹೋದಳು.

ಆಮೇಲೆ ಆದದ್ದನ್ನು ಡಾಕ್ಟರರು ಮೊದಲೇ ಊಹಿಸಿದ್ದರು. ವಾರ ಕಳೆಯುವಷ್ಟರಲ್ಲಿ ಹುಬ್ಬಿನ ನಡುವಿನ ನೋವು ಮರಳಿತು. ಪೇಪರಿನ ಸಾಲುಗಳು ಮತ್ತೆ ತೇಲತೊಡಗಿದವು. ಕಪ್ಪು ಕನ್ನಡಕ ಪೆಟ್ಟಿಗೆಯಿಂದ ಹೊರಗೆ ಬಂತು. ನೋವಿಗಿಂತ ಹೆಚ್ಚು ಸುಡುತ್ತಿದ್ದದ್ದು ಬೇರೆ. ನೀಲಾ ನೀರು ತಂದುಕೊಟ್ಟರೆ ಲೋಟ ಹಿಡಿದು ಅನುಮಾನದಿಂದ ನೋಡುವಂತಾಗಿತ್ತು. ಮಳೆ ಬರಬಹುದು ಛತ್ರಿ ತಗೋ ಎಂದರೆ ಕಿಟಕಿಗೆ ಹೋಗಿ ಆಕಾಶ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಹೊತ್ತು ತಿರುಗಿದ ತಂಗಿಯ ಮಾತನ್ನು ಮಲ್ಲೇಶಪ್ಪನ ಹಾಗೆ ಮೂಸಿ ನೋಡುವ ಹೆಂಗಸು ತಾನಾದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಕೇಂದ್ರದವರು ಕರೆದು ಮತ್ತೆ ಟೋಪಿ ಹಾಕಿದರು. ಡಾಕ್ಟರರ ದನಿಗೆ ಗೆರೆ ಏಳಲಿಲ್ಲ. ನೀಲಾಳ ದನಿಗೆ ಇನ್ನೂ ಕೆಳಗೆ ಕುಸಿಯಿತು. ಈಗ ನೀವು ನಿಸ್ಸಂಶಯವಾಗಿ ಆಮ್ಲಜನಕಕ್ಕೆ ಅರ್ಹರು ಎಂದರು ಡಾಕ್ಟರರು, ಬಹುಮಾನ ಬಂತು ಎನ್ನುವ ಧಾಟಿಯಲ್ಲಿ. ಮೊದಲ ದಿನದಿಂದಲೇ ಲೆಕ್ಕ ಹಿಡಿದರೂ ಸರದಿ ಬರುವುದು ಯುಗಾದಿಯ ಆಚೆಗೆ.

ಛಳಿ ಬಿದ್ದ ಮೇಲೆ ಒಂದು ದಿನ ಮಧ್ಯಾಹ್ನ ಹುಸೇನಬಿ ಎಂಬ ತಾಯಿ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಮಗಳು ರೇಷ್ಮಾ ನದಾಫ್ ಒಂಬತ್ತನೆಯ ಇಯತ್ತೆ, ದಾಕ್ಷಾಯಣಿಯ ಖೋಖೋ ತಂಡದ ಅತ್ಯಂತ ಚುರುಕಿನ ಓಟಗಾರ್ತಿ. ಕಂಬ ಮುಟ್ಟಲು ಹಾರಿದವಳು ಹಣೆಯನ್ನು ಕಂಬಕ್ಕೇ ಹೊಡೆಸಿಕೊಂಡು ಎರಡು ತಿಂಗಳಾಗಿತ್ತು. ಹುಡುಗಿ ಒಳಗೆ ಬಂದವಳೇ ಬೆಳಕಿಗೆ ಬೆನ್ನು ಮಾಡಿ ಕುಳಿತಳು. ಆ ಕುಳಿತ ರೀತಿ ನೋಡಿಯೇ ದಾಕ್ಷಾಯಣಿ ಎದ್ದು ಕಿಟಕಿ ಮುಚ್ಚಿದಳು. ಗಾಳಿ ದವಾಖಾನೆಗೆ ಆಗಲೇ ಹೋಗಿ ಬಂದಿದ್ದರು. ಡಾಕ್ಟರರು ಟೋಪಿ ಹಾಕಿ ನೋಡಿ, ಸರದಿಗೆ ಹಚ್ಚಿ, ಇನ್ನೊಂದು ದಾರಿಯೂ ಇದೆ ಎಂದಿದ್ದರಂತೆ: ಈ ಹುಡುಗಿ ಯಾರ ಮಾತನ್ನು ಬಹಳ ಕೇಳುತ್ತಾಳೆ? ರೇಷ್ಮಾ ತಾಯಿಯ ಹೆಸರು ಹೇಳಿರಲಿಲ್ಲ. ಪಿ.ಟಿ. ಟೀಚರ್ ಎಂದಿದ್ದಳು.

ದಾಕ್ಷಾಯಣಿಗೆ ನಗು ಬಂತು, ಅಳುವೂ ಬಂತು. ಆ ಸಂಜೆಯೇ ಡಾಕ್ಟರರನ್ನು ಕಂಡು ತನ್ನ ಸರದಿಯನ್ನು ಹುಡುಗಿಗೆ ಕೊಟ್ಟುಬಿಡಿ ಎಂದಳು. ಹಾಗೆ ಕೊಡಲು ಬರುವುದಿಲ್ಲ, ಕೊಟ್ಟರೂ ಯುಗಾದಿಯ ತನಕ ಕಾಯಬೇಕು, ಹುಡುಗಿ ಅನ್ನ ನೀರು ಬಿಟ್ಟು ಕೃಶವಾಗುತ್ತಿದ್ದಾಳೆ ಎಂದರು. ನೀವು ಎರಡು ಮಾತು ಹೇಳಿದರೆ ನಾಳೆಯಿಂದಲೇ ಕೊಳವೆ ಸಿಗುತ್ತದೆ. ಗುಣವಾಗುವುದೂ ಬಹುಪಾಲು ಖಂಡಿತ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ತಂಗಿ ನಿಂತಿದ್ದ ಜಾಗಕ್ಕೇ ತನ್ನನ್ನು ತಂದು ನಿಲ್ಲಿಸಿದ್ದಾರೆ ಎಂದು ದಾಕ್ಷಾಯಣಿಗೆ ತಿಳಿಯಿತು. ಆಗುವುದಿಲ್ಲ ಎಂದರೆ ಮಗು ತಿಂಗಳುಗಟ್ಟಲೆ ನರಳುತ್ತದೆ. ಆಗಲಿ ಎಂದರೆ ಮುಂದೊಂದು ದಿನ ಆ ಮಗು ಯಾವ ನೀರಿನ ಲೋಟವನ್ನೂ ನೆಚ್ಚದಂತಾಗುತ್ತದೆ. ಇಡೀ ರಾತ್ರಿ ಹೊರಳಾಡಿ ಬೆಳಿಗ್ಗೆ ಹುಸೇನಬಿಗೆ ಬರುತ್ತೇನೆಂದು ಹೇಳಿಕಳಿಸಿದಳು.

ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ನೀಲಾ ಕುಳಿತಿದ್ದಳು. ಹಿಂದೆ ಡಾಕ್ಟರರು. ಗಾಜಿನಾಚೆ ರೇಷ್ಮಾ ಟೋಪಿ ಹಾಕಿಕೊಂಡು ಕುಳಿತು ಮಣಿಕಟ್ಟಿನ ಬಿಲ್ಲೆ ಚುರುಕ್ಕೆಂದಾಗಲೆಲ್ಲ ತುಟಿ ಕಚ್ಚುತ್ತಿದ್ದಳು. ದಾಕ್ಷಾಯಣಿ ಒಳಗೆ ಹೋಗಿ ಎದುರಿನ ಸ್ಟೂಲಿನ ಮೇಲೆ ಕುಳಿತು ಹುಡುಗಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಹೇಳಬೇಕಾದ ಮಾತುಗಳನ್ನು ಡಾಕ್ಟರರು ಕಲಿಸಿದ್ದರು. ಅವನ್ನು ಅವಳು ಹೇಳಲಿಲ್ಲ.

“ರೇಷ್ಮಾ, ಇಲ್ಲಿ ನೋಡು. ಆ ಕೊಳವಿಯೊಳಗ ಔಷಧ ಇರಂಗಿಲ್ಲ. ಬರೇ ಗಾಳಿ. ಹೊರಗ ಇರೂ ಗಾಳಿನ. ಖರೇ ಔಷಧ ಯುಗಾದಿ ಆದಮ್ಯಾಲೆ ಸಿಗತೈತಿ. ಅಲ್ಲೀತನಕಾ ಬರೇ ಗಾಳ್ಯಾಗ ಮಲಗಿದ್ರೂ ಭಾಳ ಮಂದಿಗೆ ಆರಾಮ ಆಗೇತಿ. ನನಗೂ ಆಗಿತ್ತು. ಯಾಕ ಆಗತೈತಿ ಅಂತ ಇವರಿಗೂ ಪೂರಾ ಗೊತ್ತಿಲ್ಲ.”

ಗಾಜಿನಾಚೆ ಡಾಕ್ಟರರು ದಡಕ್ಕನೆ ಎದ್ದು ಅವಳನ್ನು ತಡೆಯಲು ಮೈಕಿನ ಗುಂಡಿ ಒತ್ತಿದರು. ಪರದೆಯಲ್ಲಿ ಗೆರೆ ನೆಲಕ್ಕೆ ಇಳಿದಿತ್ತು. ಎಲ್ಲ ಹಾಳಾಯಿತು ಎಂದು ಅವರು ಅಂದದ್ದು ಒಳಗಿನ ಸ್ಪೀಕರಿನಲ್ಲಿ ಕೇಳಿಸಿತು. ರೇಷ್ಮಾ ಟೀಚರರ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳಲ್ಲವಲ್ಲ ಟೀಚರ್ ಎಂದು ಕೇಳಿದಳು.

“ಸುಳ್ಳ ಹೇಳಂಗಿಲ್ಲ ನಿನಗ. ದಿನಾ ನಿನ್ನ ಜೋಡಿ ಬರತೀನಿ. ಪಕ್ಕದ ಗಾಳಿ ಕೊಳವ್ಯಾಗ ನಾನೂ ಮಲಗತೀನಿ. ಏನ ಆಗತೈತಿ ಇಬ್ಬರೂ ಕೂಡಿ ನೋಡೂಣು.”

ಹುಡುಗಿ ತಲೆಯಾಡಿಸಿದಳು. ಹಿಡಿದಿದ್ದ ಸಣ್ಣ ಕೈಯ ಬಿಗುವು ಮೆಲ್ಲಗೆ ಸಡಿಲವಾಯಿತು. ಕಚ್ಚಿಕೊಂಡಿದ್ದ ತುಟಿ ಬಿಟ್ಟಳು. ಮಣಿಕಟ್ಟಿನ ಬಿಲ್ಲೆಯ ಕೆಂಪು ದೀಪ ಉರಿಯುತ್ತಲೇ ಇತ್ತು. ಬಿಲ್ಲೆ ಕಾದಿತ್ತು, ಆದರೆ ಹುಡುಗಿ ಅದನ್ನು ಮರೆತಿದ್ದಳು.

ಡಾಕ್ಟರರ ಕೈ ಮೈಕಿನ ಗುಂಡಿಯ ಮೇಲೇ ನಿಂತುಬಿಟ್ಟಿತ್ತು. ಗೆರೆ ನೆಲದಿಂದ ಎದ್ದು, ತಡೆದು, ಮತ್ತೆ ಎದ್ದು, ಕೆಂಪು ಗೆರೆಯನ್ನು ದಾಟಿ ಅಲ್ಲೇ ನಿಂತಿತು. ಇಳಿಯಲಿಲ್ಲ. ಯಂತ್ರ ಕೆಟ್ಟಿದೆಯೇ ನೋಡು ಎಂದು ಅವರು ನೀಲಾಳಿಗೆ ಹೇಳಿದರು. ನೀಲಾ ನೋಡಿದಳು. ಕೆಟ್ಟಿರಲಿಲ್ಲ.

ದಾಕ್ಷಾಯಣಿ ಹೊರಗೆ ಬಂದು ಪರದೆಯನ್ನು ಬಹಳ ಹೊತ್ತು ನೋಡಿದಳು. ಅಷ್ಟೆತ್ತರದಲ್ಲಿ ನಿಶ್ಚಲವಾಗಿ ನಿಂತಿದ್ದ ಆ ಗೆರೆಯ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಗಿ ಹೇಳಿದ ಸುಳ್ಳಿಗೆ ಒಂದು ಕಾರಣವಾದರೂ ಇತ್ತು, ಬೇರೆ ದಾರಿ ಇರಲಿಲ್ಲ ಎಂದು ಇಷ್ಟು ದಿನ ಒಳಗೊಳಗೇ ಅವಳನ್ನು ಕ್ಷಮಿಸುವ ಹವಣಿಕೆಯಲ್ಲಿದ್ದಳು. ನಿಜ ಹೇಳಿದರೂ ಗೆರೆ ಏರುವುದಾದರೆ ಆ ಕಾರಣವೂ ಈಗ ಉಳಿಯಲಿಲ್ಲ.

“ಹಂಗಾದ್ರ ನನಗೂ ಹೇಳಬಹುದಿತ್ತಲ್ಲಾ ನೀಲಾ” ಎಂದಳು. “ಹೇಳಿದ್ರ ನಾ ನಂಬತಿದ್ದೆ.”

ನೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ದಾಕ್ಷಾಯಣಿ ಕಪ್ಪು ಕನ್ನಡಕ ಹಾಕಿಕೊಂಡು, ಹುಡುಗಿಯನ್ನು ಕರೆತರಲು ಒಳಗೆ ಹೋದಳು.